ರಜೆಯ ಬ್ಯಾಗಿಗೆ ಗಂಗೂಬಾಯಿ ಆರಿಸುವ ಪುಸ್ತಕ

ಉಪ್ಪಲ್ ಮೆಟ್ರೊ ನಿಲ್ದಾಣದ ಕೆಳಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಂಗೂಬಾಯಿ ಆಗಲೇ ಗೋಣಿತಟ್ಟು ಹಾಸಿ, ದಬ್ಬಣಕ್ಕೆ ಮೇಣದ ದಾರ ಪೋಣಿಸಿ, ನೀಲಿ ಸೂಟ್‌ಕೇಸೊಂದರ ಹರಿದ ಜಿಪ್ ಬಿಚ್ಚುತ್ತಿದ್ದಾರೆ. ಕೈ ಕೆಲಸದ ಮೇಲಿದೆ, ಕಣ್ಣು ಮಾತ್ರ ರಸ್ತೆಯ ಮೇಲೆ. ಒಂದು ಆಟೊ ನಿಂತರೆ ಸಾಕು, ಕತ್ತು ಉದ್ದವಾಗುತ್ತದೆ. ಇಳಿದವರು ಬೇರೆ ಯಾರೋ ಎಂದು ಗೊತ್ತಾದ ಕೂಡಲೇ "ಹುಶ್ಶಪ್ಪಾ!" ಎಂದು ಎದೆ ಸವರಿಕೊಳ್ಳುತ್ತಾರೆ.

"ಇವತ್ತೂ ಬರಲಿಲ್ಲಂದ್ರ ಅರ್ಧ ಗೆದ್ದಂಗ ನೋಡ್ರಿ," ಎನ್ನುತ್ತಾರೆ. ಬರದಿರಲಿ ಎಂದು ಅವರು ಹರಕೆ ಹೊತ್ತಿರುವುದು ಹಿಂದಿನ ಗಲ್ಲಿಯ ಪ್ರಾಣೇಶರಾಯರು ಮತ್ತು ಅವರ ಹೆಂಡತಿ ಸುಭದ್ರಾ ಅವರ ಬಗ್ಗೆ. ಇಬ್ಬರೂ ವಿಶಾಖಪಟ್ಟಣದ ಕಡಲು ನೋಡಲು ಹೋಗಿದ್ದಾರೆ. ಮರಳಬೇಕಾದದ್ದು ಭಾನುವಾರ, ಇವತ್ತು ಶುಕ್ರವಾರ. ಮುಂಚೆಯೇ ಬಂದುಬಿಟ್ಟರೆ ಕೆಟ್ಟಿತು!

ಗಂಗೂಬಾಯಿಯ ಕಸುಬು ಬ್ಯಾಗ್ ರಿಪೇರಿ. ಮುರಿದ ಗಾಲಿ, ಕಿತ್ತ ಹಿಡಿಕೆ, ಬಾಯಿ ಬಿಟ್ಟ ಜಿಪ್. ಬೇಸಿಗೆ ರಜೆ ಬಂತೆಂದರೆ ನಗರದ ಆ ತುದಿಯ ಕೊಂಡಾಪುರ, ಮಾದಾಪುರದಿಂದಲೂ ಜನ ಬರುತ್ತಾರೆ. ದಿನಕ್ಕೆ ಇಪ್ಪತ್ತರ ಮೇಲೆ ಬ್ಯಾಗು. ಅಷ್ಟು ದೂರದಿಂದ ಬರುವುದು ಬರೀ ಜಿಪ್ಪಿಗಲ್ಲ. ರಿಪೇರಿಯಾದ ಪ್ರತಿ ಬ್ಯಾಗಿನ ಹೊರಜೇಬಿಗೆ ಈ ತಾಯಿ ಒಂದು ಪುಸ್ತಕ ತುರುಕಿ ಕಳಿಸುತ್ತಾರೆ. ಬಾಡಿಗೆ ಇಲ್ಲ. ಓದಿ ಬಂದವರು ಕಥೆ ಹೇಳಬೇಕು, ಅಷ್ಟೇ.

"ಪುಸ್ತಕ ಹೊರಗಿನ ಜೇಬಿನಾಗ ಹಿಡೀಬೇಕ್ರಿ. ಅರಿವಿ-ಬಟ್ಟಿ ಕೆಳಗ ಹೋತಂದ್ರ ಅದು ಊರು ನೋಡೂದಿಲ್ಲ, ಹೋದಂಗ ವಾಪಸ್ ಬರತೈತಿ," ಇದು ಅವರ ಮೊದಲ ಕಾನೂನು. ಉಳಿದದ್ದು ಗಿರಾಕಿ ನೋಡಿ. "ಸಣ್ಣ ಮಕ್ಕಳು ಜೋಡಿ ಇದ್ರ ತುಣುಕು ತುಣುಕು ಕಥಿ. ನಡುವ ಹಠ ಮಾಡಿದ್ರ ಇಟ್ಟು ಮತ್ತ ತಗೀಬಹುದು. ಬೀಗರ ಮನೀಗೆ ಹೊಂಟೋರಿಗೆ ಪತ್ತೇದಾರಿ. ಬೀಗರ ಮಾತು ಭಾಳ ಆದ್ರ, ಕೊಲಿ ಯಾರು ಮಾಡಿದ್ರು ಅಂತ ವಿಚಾರ ಮಾಡ್ಕೋತ ಕೂಡಬಹುದು!"

ಹುಮನಾಬಾದಿನಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಅವರ ದಬ್ಬಣ ಇವರ ಕೈಗೆ ಬಂತು. ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ಧೂಳಿಗೆ ಹೆದರಿ ಗಿರಾಕಿಗಳು ಇತ್ತ ಸುಳಿಯುತ್ತಿರಲಿಲ್ಲ. ಒಲೆ ಹೊತ್ತುವುದೇ ಕಷ್ಟವಾಗಿತ್ತು. ಆಗ ವರ್ಗವಾಗಿ ಹೊರಟಿದ್ದ ರಕ್ಷಣಾ ಕಾರ್ಖಾನೆಯ ಕನ್ನಡ ಕುಟುಂಬವೊಂದು ಒಂದು ಪೆಟ್ಟಿಗೆ ಪುಸ್ತಕಗಳನ್ನು ಇವರ ಬಳಿ ಬಿಟ್ಟು ಹೋಯಿತು. ಗಿರಾಕಿ ಇಲ್ಲದ ಹೊತ್ತೆಲ್ಲ ಓದು. ಈಗ ತೆಲುಗು, ಹಿಂದಿ ಪುಸ್ತಕಗಳನ್ನೂ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ನಡೆಯುವ ಹಳೆ ಪುಸ್ತಕದ ಸಂತೆಯಿಂದ ತರುತ್ತಾರೆ. ತೆಲುಗು ಓದಲು ಬಾರದು. ಮರಳಿ ಬಂದವರು ಹೇಳಿದ ಕಥೆಯಿಂದಲೇ ಯಾವುದು ಯಾರಿಗೆ ಎಂದು ನಿರ್ಧಾರ.

ಇನ್ನು ಪ್ರಾಣೇಶರಾಯರ ಸಂಗತಿ. ಅವರು ಈ ವರ್ಷ ನಿವೃತ್ತರಾಗಿದ್ದಾರೆ. ರಜೆಗೆ ಹೋದಲ್ಲೆಲ್ಲ ಇಟ್ಟಿಗೆಯಂಥ ತತ್ತ್ವಶಾಸ್ತ್ರದ ಪುಸ್ತಕ ಒಯ್ಯುತ್ತಾರೆ. ಎರಡು ಪುಟ ಓದಿ, ಅದನ್ನೇ ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಾರೆ. ಹೋದ ವಾರ ಸುಭದ್ರಾ ಬ್ಯಾಗ್ ತಂದಿಟ್ಟು ಇಲ್ಲಿಯೇ ಕೂತು ಕಣ್ಣೊರೆಸಿಕೊಂಡರಂತೆ. "ಗಂಗಕ್ಕಾ, ಹ್ವಾದ ಸರ್ತಿ ಊಟಿಯಿಂದ ಮೂರನೇ ದಿನಕ್ಕ ಜಗಳಾಡಿ ಬಂದ್ವಿ. ಈ ಸರ್ತೀನೂ ಹಂಗಾದ್ರ ಮುಗೀತು, ಇವರ ಜೋಡಿ ಹೊಸ್ತಿಲಾ ದಾಟೂದಿಲ್ಲ."

ಮರುದಿನ ರಾಯರು ಇಟ್ಟಿಗೆ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡೇ ಬಂದರು, ಬ್ಯಾಗಿಗೆ ಸೇರಿಸಲು. ಗಂಗೂಬಾಯಿ ಜಿಪ್ಪನ್ನು ಅರ್ಧ ಎಳೆದು ನಿಲ್ಲಿಸಿದರು. "ರಾಯರ, ಜಿಪ್ ಉಳೀಬೇಕು, ಇಲ್ಲಾ ಈ ಪುಸ್ತಕ ಉಳೀಬೇಕು. ನೀವ ಹೇಳ್ರಿ." ರಾಯರು ಗೊಣಗುತ್ತ ಪುಸ್ತಕ ಬಿಟ್ಟುಹೋದರು. ಹೊರಜೇಬಿಗೆ ಬಿದ್ದದ್ದು ರಟ್ಟು ಹರಿದ ತೆಳ್ಳನೆಯ ಪುಸ್ತಕ, ತಪ್ಪಾದ ಮದುವೆಮನೆಗೆ ಹೋಗಿ ಉಂಡು ಕೂತ ಬೀಗರ ಕಥೆ. ಇಬ್ಬರಿಗೂ ಸೇರಿ ಒಂದೇ.

"ಎರಡು ಕೊಟ್ರ ಇಬ್ಬರೂ ಬೆನ್ನು ತಿರುವಿ ಓದ್ತಾರ. ಒಂದೇ ಇದ್ರ ಒಬ್ಬರು ಓದಬೇಕು, ಒಬ್ಬರು ಕೇಳಬೇಕು."

ಆ ಇಟ್ಟಿಗೆ ಪುಸ್ತಕ ತುಂಬಿದ್ದರೆ ಜಿಪ್ ನಿಜವಾಗಿಯೂ ಹರಿಯುತ್ತಿತ್ತೇ? ಗಂಗೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. "ಎಲ್ಲಿ ಹರೀತೈತ್ರಿ! ಆನಿ ಕುಂತ್ರೂ ಹರಿಯೂದಿಲ್ಲ, ಅಂಥಾ ಜಿಪ್ ಹಾಕೀನಿ." ಮರುಕ್ಷಣ ಮುಖ ಸಣ್ಣದಾಗುತ್ತದೆ. "ಆದ್ರ ಕಥಿ ಹಿಡಸಲಿಲ್ಲಂದ್ರ? ಇದ್ದ ಪುಸ್ತಕ ಕಸಗೊಂಡಾಕಿ ನಾನ ಅಲ್ಲೇನ್ರಿ. ಸುಭದ್ರಕ್ಕಗ ಮಾರಿ ಹೆಂಗ ತೋರಸ್ಲಿ?"

ಬಿಸಿಲು ಕಂಬದ ಬುಡಕ್ಕೆ ಬರುವ ಹೊತ್ತಿಗೆ ಫೋನ್ ಹೊಡೆದುಕೊಳ್ಳುತ್ತದೆ. ಸುಭದ್ರಾ ಅವರ ನಂಬರು, ಆದರೆ ದನಿ ರಾಯರದು. ಗಂಗೂಬಾಯಿ ದಬ್ಬಣವನ್ನು ಗೋಣಿತಟ್ಟಿಗೆ ಚುಚ್ಚುತ್ತಾರೆ. ಸ್ಪೀಕರ್ ಹಾಕುತ್ತಾರೆ.

"ಗಂಗೂಬಾಯಾರ, ನಿಮ್ಮ ಪುಸ್ತಕ ಮೊನ್ನೇನ ಮುಗೀತು."

"ಅಯ್ಯ ಶಿವನ! ಹಂಗಾರ ವಾಪಸ್ ಹೊಂಟ್ರೇನ್ರಿ?"

"ಎಲ್ಲಿ ಹೊಂಡೂದ್ರಿ! ಈಕಿ ಮತ್ತ ಮೊದಲಿಂದ ಓದಸಾಕತ್ತಾಳ. ನಾನು ಬೀಗರ ದನಿ ತಗದ ಓದಬೇಕಂತ. ಕಡಲ ದಂಡಿಮ್ಯಾಲೆ ಜನಾ ಸುತ್ತಗಟ್ಟಿ ನೋಡತಾರ, ಮರ್ಯಾದಿ ಹೋತು ನಂದು." ಹಿಂದಿನಿಂದ ಸುಭದ್ರಾ ಏನೋ ಹೇಳಹೋಗಿ, ನಗು ತಡೆಯಲಾರದೆ ಮಾತೇ ಮುಗಿಸುವುದಿಲ್ಲ. "ಟಿಕೆಟ್ ಬದಲಾಯಿಸೀನ್ರಿ. ಬುಧವಾರ ಬರ್ತೀವಿ."

ಫೋನ್ ಇಟ್ಟ ಗಂಗೂಬಾಯಿ ಕೂತಲ್ಲಿ ಕೂರಲಾರರು. ಪಕ್ಕದ ಚಹಾದಂಗಡಿಗೆ ಕೂಗಿ ಎಲ್ಲರಿಗೂ ಚಹಾ ಹೇಳುತ್ತಾರೆ, ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಸುದ್ದಿ ಸಾರುತ್ತಾರೆ, ನೀಲಿ ಸೂಟ್‌ಕೇಸನ್ನು ಸುಮ್ಮನೆ ಒಮ್ಮೆ ತಟ್ಟುತ್ತಾರೆ. ನಿಮಗಾಗಿ ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು ಕೇಳಿದರೆ ದಬ್ಬಣಕ್ಕೆ ಮತ್ತೆ ದಾರ ಪೋಣಿಸುತ್ತ ಹೇಳುತ್ತಾರೆ.

"ಬುಧವಾರ ಅವರು ಬಂದ ಮ್ಯಾಲೆ ಎಲ್ಲೆಲ್ಲಿ ನಕ್ರಿ ಅಂತ ಕೇಳಬೇಕ್ರಿ. ಆ ಪುಸ್ತಕದಾಗ ಒಂದು ಜಾಗ ಐತಿ. ಅಲ್ಲಿ ನಾ ಒಬ್ಬಾಕಿನ ಕುಂತು ಭಾಳ ನಕ್ಕಿದ್ದೆ. ಅವರೂ ಅಲ್ಲೇ ನಕ್ಕಾರಂತ ಗೊತ್ತಾದ್ರ ಸಾಕು ನನಗ."