ಗುಂಡು ತಲುಪುವಷ್ಟರಲ್ಲಿ

ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ ಮೊದಲ ಕೆಲಸ, ಬೇಟೆ ಬಂದೂಕಿಗೆ ದುರ್ಬೀನು ಮಾಡುವ ಸಣ್ಣ ಕಂಪನಿಯಲ್ಲಿ. ದೂರ, ಗಾಳಿ, ಇಳಿಜಾರು ತುಂಬಿದರೆ ಎಲ್ಲಿಗೆ ಗುರಿ ಹಿಡಿಯಬೇಕೆಂದು ಹೇಳುವ ಆ್ಯಪ್ ನನ್ನ ಪಾಲಿಗೆ ಬಂತು. ಬಂದೂಕನ್ನು ಅಲ್ಲಿಯವರೆಗೆ ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಮಾತ್ರ ನೋಡಿದ್ದೆ.

ಅಲ್ಲಿ ದುರ್ಬೀನಿನ ಗಾಜಿನ ಕೆಲಸ ನೋಡುತ್ತಿದ್ದವರು ಹುಬ್ಬಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಭಾಯಿ ಎನ್ನುತ್ತಿದ್ದೆ. ಅವರ ಹೆಂಡತಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡಾಕ್ಟರು. ಭಾನುವಾರ ಆಕೆಗೆ ಆಸ್ಪತ್ರೆಯ ಪಾಳಿ ಇಲ್ಲದಿದ್ದರೆ ನಾನು ಸೆಲ್ಲಿ ಓಕ್‌ನ ನನ್ನ ಕೋಣೆಯಿಂದ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಅವರದು ದಖನಿ ಉರ್ದು. ನನ್ನ ಜೊತೆ ಮಾತ್ರ ಒಂದು ಥರದ ಬೆಂಗಳೂರು ಕನ್ನಡ.

ಒಂದು ನವೆಂಬರಿನಲ್ಲಿ ಗಿರಾಕಿಯೊಬ್ಬ ನಮ್ಮ ಹೊಸ ದುರ್ಬೀನನ್ನು ನಿಜವಾದ ಬೇಟೆಯಲ್ಲೇ ಪರೀಕ್ಷಿಸಬೇಕೆಂದ. ಭಾಯಿ ಕಾರು ಓಡಿಸಿದರು. ಲೀಡ್ಸ್ ದಾಟಿ ಇನ್ನೂ ಉತ್ತರಕ್ಕೆ, ಗಿಡಮರವಿಲ್ಲದ ಗುಡ್ಡಗಳು. ಅಲ್ಲಿ ಜಿಂಕೆಗಳ ಸಂಖ್ಯೆ ಮಿತಿಮೀರದಂತೆ ಹೊಡೆದು ನೋಡಿಕೊಳ್ಳುವ ಮುದುಕ ನಾಯಿಯ ಜೊತೆ ಕಾಯುತ್ತಿದ್ದ.

"ನೀವು ಎಷ್ಟು ದೂರದಿಂದ ಹೊಡೀತೀರಿ?" ಎಂದು ಭಾಯಿ ಅವನನ್ನು ಕೇಳಿದರು.

"ನೂರು ಗಜದೊಳಗೆ. ಅಷ್ಟು ಹತ್ತಿರ ಹೋಗೋಕೆ ಆಗ್ಲಿಲ್ಲ ಅಂದ್ರೆ ಮನೆಗೆ ಹೋಗಿ ಟೀ ಕುಡೀತೀನಿ."

ಗಿರಾಕಿ ನಕ್ಕ. ನಾನೂ ನಕ್ಕೆ.

ಎದುರು ಗುಡ್ಡದಲ್ಲಿ ಕಡವೆಯಷ್ಟು ದೊಡ್ಡ ಹೆಣ್ಣು ಜಿಂಕೆಯೊಂದು ಮೇಯುತ್ತಿತ್ತು. ಆರುನೂರೈವತ್ತು ಮೀಟರ್. ನಾನು ಫೋನ್ ನೋಡಿ ಸಂಖ್ಯೆ ಹೇಳಿದೆ. ಗಿರಾಕಿ ಮಲಗಿ ಗುರಿ ಹಿಡಿದ.

"ಖಾತ್ರಿನಾ?" ಎಂದ.

"ಖಾತ್ರಿ," ಎಂದೆ. ಅವನು ಹೊಡೆದ.

ಅಷ್ಟು ದೂರಕ್ಕೆ ಗುಂಡು ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಅದನ್ನು ತೋರಿಸುವ ಸಾಲನ್ನು ನಾನೇ ಬರೆದಿದ್ದೆ, ಪರದೆಯ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ. ಆ ಸೆಕೆಂಡಿನಲ್ಲಿ ಜಿಂಕೆ ಮುಂದಿನ ಹುಲ್ಲಿಗೆ ಒಂದು ಹೆಜ್ಜೆ ಇಟ್ಟಿತು. ಎದೆಗೆ ಬೀಳಬೇಕಿದ್ದದ್ದು ಹೊಟ್ಟೆಗೆ ಬಿತ್ತು. ಅದು ಓಡಲಿಲ್ಲ. ಬೆನ್ನು ಗೂನು ಮಾಡಿಕೊಂಡು, ಹೊಟ್ಟೆನೋವು ಬಂದವರ ಹಾಗೆ ನಿಧಾನ ನಡೆದು ದಿಬ್ಬದ ಆಚೆ ಮರೆಯಾಯಿತು. ಅದರ ಹಿಂದೆ, ನಾವ್ಯಾರೂ ಗಮನಿಸದಿದ್ದ ಮರಿಯೊಂದು ಹೊರಟಿತು.

"ನಿನ್ನ ನಂಬರ್ ಸರಿಯಾಗೇ ಇತ್ತು. ಅದೇ ಅಲ್ಲಾಡಿಬಿಡ್ತು," ಎಂದು ಗಿರಾಕಿ ನನಗೆ ಸಮಾಧಾನ ಹೇಳಿದ.

ನಡುವಿನ ಜೌಗು ದಾಟಿ, ನಾಯಿ ಅದರ ಜಾಡು ಹಿಡಿಯುವಷ್ಟರಲ್ಲಿ ಎರಡು ಗಂಟೆಯಾಯಿತು. ಜಿಂಕೆ ಹಳ್ಳದ ಪಕ್ಕ ಮಲಗಿತ್ತು, ಜೀವ ಇತ್ತು. ನಮ್ಮನ್ನು ಕಂಡು ತಲೆ ಎತ್ತಿತು, ಏಳಲಾಗಲಿಲ್ಲ. ಮುದುಕ ಹತ್ತಿರ ಹೋಗಿ ಮುಗಿಸಿದ. ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತ, ದೂರ ನಿಂತು ನೋಡುತ್ತಿದ್ದ ಮರಿಯ ಸಮೀಪಕ್ಕೆ ಹೋಗಿ ಅದನ್ನೂ ಹೊಡೆದ. ಒಂದೇ ಗುಂಡು, ನಿಂತಲ್ಲೇ ಬಿತ್ತು.

"ತಾಯಿ ಇಲ್ಲದೆ ಇದು ಚಳಿಗಾಲ ದಾಟಲ್ಲ," ಎಂದ. ನಮ್ಮ ಮುಖ ನೋಡಲಿಲ್ಲ.

ಹಿಂದಿರುಗುವಾಗಲೂ ಕಾರು ಭಾಯಿಯೇ ಓಡಿಸಿದರು. ಈ ಸಲ ಮಾತು ಹುಬ್ಬಳ್ಳಿ ಕನ್ನಡದಲ್ಲಿ ಬಂತು.

"ನಮ್ಮಪ್ಪ ಬಕ್ರೀದ್‌ಗೆ ಕುರಿ ಕೊಯ್ಯೂ ಮುಂದ ಚೂರಿ ಹರಿತ ಐತೋ ಇಲ್ಲೋ ಅಂತ ಮೂರ್ ಸಲ ನೋಡ್ತಿದ್ದ, ತಂಗಿ. ಅದು ಒದ್ದಾಡಬಾರದು ಅಂತ. ನಾವು ಅದರ ಜೀವಾನ ಒಂದ್ ಸೆಕೆಂಡ್ ಗಾಳಿಗೆ ಬಿಟ್ವಿ."

"ಭಾಯಿ, ಖಾತ್ರಿ ಅಂದಿದ್ದು ನಾನು."

"ದೂರ ಇದ್ದದ್ದನ್ನ ಹತ್ರ ತೋರಿಸಿದಾಂವ ನಾನು."

ಸೋಮವಾರ ನಾನು ಬಾಸ್ ಹತ್ತಿರ ಹೋಗಿ, ಮುನ್ನೂರು ಮೀಟರ್ ದಾಟಿದರೆ ಆ್ಯಪ್ ಲೆಕ್ಕ ಕೊಡಬಾರದು ಎಂದೆ. ಅವರು ತಾಳ್ಮೆಯಿಂದಲೇ ಕೇಳಿದರು. ಎಷ್ಟು ದೂರದಿಂದ ಹೊಡೆಯುವುದು ಸರಿ ಎನ್ನುವುದು ಹೊಡೆಯುವವನಿಗೆ ಬಿಟ್ಟದ್ದು, ನಮ್ಮ ಕೆಲಸವಲ್ಲ ಎಂದರು. ನಾನು ಎದ್ದು ಬಂದೆ.

ಭಾಯಿ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಕನ್ನಡಕದ ಗಾಜು ಮಾಡುವ ಕಡೆ ಸೇರಿದರು. ನಾನು ಬಿಡಲಿಲ್ಲ. ನನ್ನ ವೀಸಾ ಆ ಕಂಪನಿ ಕೊಡಿಸಿದ್ದು, ಕೆಲಸ ಹೋದರೆ ಅದೂ ಹೋಗುತ್ತಿತ್ತು. ಹಾಗೆಂದು ಅವರಿಗೆ ಹೇಳಿದಾಗ, "ಗೊತ್ತೈತಿ ತಂಗಿ, ನಾ ಏನೂ ಅನ್ನಂಗಿಲ್ಲ," ಎಂದರು. ನಿಜವಾಗಿಯೂ ಏನೂ ಅನ್ನಲಿಲ್ಲ. ಆದರೆ ಅವರ ಮನೆಗೆ ಹೋಗಿ ತಟ್ಟೆಯ ಮುಂದೆ ಕೂರುವುದು ನನಗೇ ಕಷ್ಟವಾಗುತ್ತ ಬಂದು, ಒಂದೊಂದೇ ಭಾನುವಾರ ತಪ್ಪಿಸಿದೆ.

ಮುಂದಿನ ವರ್ಷದ ಆ್ಯಪ್ ಎಂಟುನೂರು ಮೀಟರಿನವರೆಗೆ ಲೆಕ್ಕ ಹೇಳುತ್ತಿತ್ತು. ಅದನ್ನೂ ನಾನೇ ಬರೆದೆ.