ಮುದಿ ಇಲಿಗಳ ಉಸಿರು ಕಾಯುವ ಚಿಕ್ಕಲಕ್ಷ್ಮಮ್ಮ

ಬೆಳಿಗ್ಗೆ ಆರೂಕಾಲು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಖಾಸಗಿ ಸಂಶೋಧನಾಲಯವೊಂದರಲ್ಲಿ ಚಿಕ್ಕಲಕ್ಷ್ಮಮ್ಮ ಮಾಸ್ಕು ಕಟ್ಟಿಕೊಂಡು ಇಲಿಗಳ ಕೋಣೆಗೆ ಹೋಗುತ್ತಾರೆ. ಒಳಗೆ ತೊಂಬತ್ತಾರು ಪಂಜರಗಳಿವೆ. ಹಾಸು ಬದಲಿಸಿ, ನೀರಿನ ಬಾಟಲಿ ತೊಳೆದು, ಮೇವು ತೂಗಿ ಹಾಕುವಷ್ಟರಲ್ಲಿ ಹತ್ತು ಗಂಟೆ. ಎಡಸಾಲಿನಲ್ಲಿ ಮೂರು ತಿಂಗಳ ಎಳೆಯವು, ಬಲಸಾಲಿನಲ್ಲಿ ಎರಡು ವರ್ಷದ ಮುದಿಯವು.

"ಮುದಿಯವು ನಮ್ಮಂಗೇಯ. ಎದ್ದು ಓಡಾಡಕ್ಕೆ ಒಸಿ ಹೊತ್ತು ಬೇಕು" ಎನ್ನುತ್ತಾರೆ.

ಅವರಿಗೀಗ ಐವತ್ತೆಂಟು. ಕನಕಪುರ ರಸ್ತೆಯ ಹಳ್ಳಿಯಲ್ಲಿ ಇಪ್ಪತ್ತೈದು ವರ್ಷ ರೇಷ್ಮೆಹುಳು ಸಾಕಿದವರು. ಮಂಡಿನೋವು ಬಂದು ಸೊಪ್ಪಿನ ಹೊರೆ ಹೊರಲಾಗದೆ, ಒಂಬತ್ತು ವರ್ಷದ ಹಿಂದೆ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಇಲಿ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ ಆ ಹೊಣೆ ಇವರಿಗೆ ಬಂತು.

ಇಲ್ಲಿನ ವಿಜ್ಞಾನಿ ಮಹ್ವಿಶ್, ರಾಮನಗರದವರು. ನಾವು ಉಸಿರಾಡುವ ಆಮ್ಲಜನಕದಿಂದಲೇ ದೇಹದೊಳಗೆ ಒಂದಿಷ್ಟು ಹಾನಿಯೂ ಆಗುತ್ತದೆ. ಅದನ್ನು ತಡೆಯುವ ಆಂಟಿಆಕ್ಸಿಡೆಂಟ್‌ಗಳನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆಮ್ಲಜನಕ ಏರಿಳಿದಾಗ ವಯಸ್ಸಾದ ದೇಹ ಈ ರಕ್ಷಣೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುತ್ತದೆ ಎಂಬುದು ಅವರ ಅಧ್ಯಯನ. ಅದಕ್ಕಾಗಿ ಇಲಿಗಳನ್ನು ದಿನಕ್ಕಿಷ್ಟು ಹೊತ್ತು ಆಮ್ಲಜನಕ ಕಡಿಮೆ ಇರುವ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ವಿಜ್ಞಾನಿಗಳ ಹೊರತು ಯಾರೂ ಅದರ ಬಾಗಿಲು ಮುಟ್ಟುವಂತಿರಲಿಲ್ಲ.

ಕಳೆದ ಜುಲೈನಲ್ಲಿ ಒಂದು ದಿನ ಮಹ್ವಿಶ್ ಪೆಟ್ಟಿಗೆ ಚಾಲೂ ಮಾಡಿ, ಮೀಟಿಂಗ್‌ಗೆಂದು ಬಿಡದಿಗೆ ಹೋಗಿದ್ದರು. ಪೆಟ್ಟಿಗೆಯ ಆಮ್ಲಜನಕ ಅಳೆಯುವ ಮೀಟರ್ ಸರಿಯಾಗೇ ತೋರಿಸುತ್ತಿತ್ತು. ಒಳಗೆ ಎಳೆಯವು ಓಡಾಡುತ್ತಿದ್ದವು. ಹನ್ನೆರಡು ಮುದಿಯವು ಮಾತ್ರ ಮೂಲೆಗೆ ಮುದುರಿದ್ದವು, ಕಾಲು, ಕಿವಿ ನೀಲಿಗಟ್ಟಿದ್ದವು. ಚಿಕ್ಕಲಕ್ಷ್ಮಮ್ಮ ಮೂರು ಸಲ ಫೋನ್ ಮಾಡಿದರೂ ಮಹ್ವಿಶ್ ಎತ್ತಲಿಲ್ಲ.

ಕೊನೆಗೆ ಚಿಕ್ಕಲಕ್ಷ್ಮಮ್ಮನೇ ಬಾಗಿಲು ತೆಗೆದರು, ಆದರೆ ಪೂರ್ತಿ ಅಲ್ಲ. ಉಸಿರು ಕಟ್ಟಿದ್ದ ಜೀವಕ್ಕೆ ಒಮ್ಮೆಲೇ ಗಾಳಿ ಬಿಟ್ಟರೆ ಮುದಿಯವಕ್ಕೆ ಅದೂ ಪೆಟ್ಟೇ ಎಂದು ಮಹ್ವಿಶ್ ಹೇಳಿದ್ದನ್ನು ಕೇಳಿಸಿಕೊಂಡಿದ್ದರು. ಬೆರಳಗಲ ತೆಗೆದು ಕಾದರು, ಆಮೇಲೆ ಇನ್ನೊಂದಿಷ್ಟು ತೆಗೆದರು. "ಕೆಲ್ಸ ಹೋಯ್ತದೆ ಅನ್ಕಂಡೇ ತೆಗ್ದೆ."

ಎರಡು ಇಲಿ ಸತ್ತವು, ಹತ್ತು ಉಳಿದವು. ಆರು ವಾರದ ಪ್ರಯೋಗ ಕೆಟ್ಟಿತೆಂದು ಆಡಳಿತದವರು ಚಿಕ್ಕಲಕ್ಷ್ಮಮ್ಮನಿಂದ ವಿವರಣೆ ಕೇಳಿದರು. ಮಾರನೇ ದಿನ ಮಹ್ವಿಶ್ ಬೇರೆ ಮೀಟರ್ ಇಟ್ಟು ನೋಡಿದರೆ, ಹಳೆಯದು ಕೆಟ್ಟು ಒಂದೇ ಅಂಕೆಯಲ್ಲಿ ನಿಂತಿತ್ತು; ಒಳಗೆ ಆಮ್ಲಜನಕ ಅದಕ್ಕಿಂತ ಕೆಳಗಿಳಿದಿತ್ತು. ಆಗಸ್ಟಿನಲ್ಲಿ ನಿಯಮ ಬದಲಾಯಿತು: ಈಗ ಇಲಿ ನೋಡಿಕೊಳ್ಳುವವರೂ ಬಾಗಿಲು ತೆಗೆಯಬಹುದು.

ಪ್ರಯೋಗ ಮುಗಿದ ದಿನ ಇಲಿಗಳಿಗೆ ಮದ್ದು ಕೊಟ್ಟು ಕೊನೆಗಾಣಿಸಿ, ಅಂಗಾಂಶ ಪರೀಕ್ಷಿಸುತ್ತಾರೆ. ಅವತ್ತು ರಜೆ ಹಾಕಿ ಎಂದು ಮಹ್ವಿಶ್ ಪ್ರತಿ ಸಲ ಹೇಳುತ್ತಾರೆ. ಚಿಕ್ಕಲಕ್ಷ್ಮಮ್ಮ ಇದುವರೆಗೆ ಒಮ್ಮೆಯೂ ಹಾಕಿಲ್ಲ.

"ಎರಡು ವರ್ಸದಿಂದ ನನ್ ಕೈ ಕಂಡವೆ" ಎನ್ನುತ್ತಾರೆ ಗೌನಿನ ದಾರ ಕಟ್ಟಿಕೊಳ್ಳುತ್ತಾ. "ಕೊನೇ ದಿನ ಬೇರೆಯೋರು ಎತ್ಕಂಡ್ರೆ ಹೆದರ್ಕತವೆ."