ಚೆರ್ರಿ ಮರಕ್ಕೆ ದೃಷ್ಟಿಬೊಟ್ಟು

ನಮ್ಮ ಅತ್ತೆಯವರ ಬಾಯಿಂದ "ಹೋಗಿ ಬಾ" ಎನ್ನಿಸುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಜಪಾನಿಗೆ ಟಿಕೆಟ್ ತೆಗೆದ ಮೇಲೆ.

ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ನಾವು ಮೂವರು ಗೆಳತಿಯರು ಈಗ ಆಸ್ಟ್ರೇಲಿಯದ ಮೂರು ಮೂಲೆ ಹಿಡಿದಿದ್ದೇವೆ. ಒಬ್ಬಳು ಪರ್ತ್‌ನಲ್ಲಿ, ಒಬ್ಬಳು ಅಡಿಲೇಡ್‌ನಲ್ಲಿ, ನಾನು ಬ್ರಿಸ್ಬೇನಿನ ಹೊರಗೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ. ಗಂಡ ಮಕ್ಕಳನ್ನು ಬಿಟ್ಟು ನಾವು ಮೂವರೇ ಚೆರ್ರಿ ಹೂ ಬಿಡುವ ಕಾಲಕ್ಕೆ ಜಪಾನ್ ನೋಡಿ ಬರೋಣವೆಂದು ವರ್ಷಗಟ್ಟಲೆ ಮಾತಾಡಿ, ಕೊನೆಗೊಂದು ದಿನ ಧೈರ್ಯ ಮಾಡಿ ಒಂದು ಟೂರ್ ಕಂಪನಿಯಲ್ಲಿ ಬುಕ್ ಮಾಡಿಯೇಬಿಟ್ಟೆವು. ಗಂಡ "ಹೋಗ್ಬಾ, ಅದಕ್ಕೇನು" ಎಂದ. ಮಗಳು ಫೋನಿನಿಂದ ತಲೆ ಎತ್ತದೆ "ಗುಡ್ ಆನ್ ಯೂ, ಮಮ್" ಎಂದಳು. ಕೆಲವು ತಿಂಗಳು ಇದ್ದು ಹೋಗಲೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಮಾತ್ರ ಬೀನ್ಸ್ ಮುರಿಯುತ್ತ, "ಈ ದೇಶದ ಹುರುಳಿಕಾಯಿಗೆ ನಾರೇ ಇಲ್ವಲ್ಲೇ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ನಾನು ಜಪಾನಿಗೆ ಹೋಗುತ್ತೇನೆ ಎಂದರೆ ಹುರುಳಿಕಾಯಿಯ ನಾರು! ನನಗೇನು ಇವರ ಅಪ್ಪಣೆ ಬೇಕಿರಲಿಲ್ಲ. ತಲೆಕೂದಲು ನರೆತಿದೆ, ಸ್ವಂತ ಸಂಬಳವಿದೆ. ಆದರೆ ಬೇಡದ್ದನ್ನೇ ಬಯಸುವುದು ನನ್ನ ಹಣೆಬರಹ. ಹಿಂದೊಮ್ಮೆ ಗೆಳತಿಯನ್ನು ನೋಡಲು ಅಡಿಲೇಡಿಗೆ ಹೊರಟಾಗ ಅತ್ತೆ ಬರೀ "ಹೂಂ" ಎಂದಿದ್ದರು. ಆ "ಹೂಂ" ವಿಮಾನದುದ್ದಕ್ಕೂ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂದಿತ್ತು. ಈ ಸಲ ಅದು ಬೇಡ, ನಗುಮುಖದ ಒಂದು "ಹೋಗಿ ಬಾ" ಬೇಕೇ ಬೇಕು ಎಂದು ಹಟ ಹಿಡಿದೆ. ಅದನ್ನು ಅವರಿಗೆ ಹೇಳಲಿಲ್ಲ. ಕೇಳಿ ಪಡೆದರೆ ಅದಕ್ಕೇನು ಬೆಲೆ?

ಹೊರಡುವ ಮುನ್ನ ಟೂರ್ ಕಂಪನಿಯವರು ನಮಗೆಲ್ಲ ಒಂದು 'ಪೇಂಟ್ ಅಂಡ್ ಸಿಪ್' ತರಗತಿ ಇಟ್ಟಿದ್ದರು. ಎದುರಿಗೊಂದು ಕ್ಯಾನ್ವಾಸು, ಪಕ್ಕದಲ್ಲೊಂದು ಲೋಟ, ಗುಟುಕು ಗುಟುಕಾಗಿ ಕುಡಿಯುತ್ತ ಚಿತ್ರ ಬಿಡಿಸುವುದು. ಕುಂಚ ಹಿಡಿದು ಗೊತ್ತಿಲ್ಲದವರಿಗೇ ಮಾಡಿದ್ದು. ಜಪಾನಿನ ಋತುಗಳ ಪರಿಚಯವೂ ಆಗುತ್ತದಂತೆ. ಬ್ರಿಸ್ಬೇನ್, ಪರ್ತ್, ಅಡಿಲೇಡ್ ಮೂರು ಊರಿನವರೂ ಏಕಕಾಲಕ್ಕೆ ಕೂರುವುದು, ದೊಡ್ಡ ಪರದೆಯ ಮೇಲೆ ಒಬ್ಬರನ್ನೊಬ್ಬರು ನೋಡುವುದು ಎಂದು ಏರ್ಪಾಡಾಗಿತ್ತು.

ಅತ್ತೆಯವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ. ಹಿಂದಿನ ವಾರ ಅವರು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಹಾಕಿ, ಹೊಗೆ ಅಲಾರಂ ಕೂಗಿಕೊಂಡಾಗ ಅದರ ಕೆಳಗೆ ನಿಂತು "ಬಾಯ್ಮುಚ್ಚೋ" ಎಂದು ಗದರಿದ್ದರು. ಪಕ್ಕದ ಮನೆಯವನು ಗಿಡಕ್ಕೆ ನೀರು ಬಿಡುವ ಪೈಪು ಎಳೆದುಕೊಂಡು ಓಡಿ ಬಂದಿದ್ದ. ಹಾಗಾಗಿ ಕರೆದುಕೊಂಡು ಹೊರಟೆ.

"ಎಂಥಾ ಕ್ಲಾಸೇ ಅದು?"

"ಡ್ರಾಯಿಂಗ್ ಕ್ಲಾಸು ಅತ್ತೆ."

ಕುಡಿಯುವ ಭಾಗವನ್ನು ನುಂಗಿಕೊಂಡೆ.

ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ಬಬಲ್ ಟೀ ಅಂಗಡಿಯ ಮಹಡಿಯ ಮೇಲೊಂದು ಕೋಣೆ. ಹೊರಗೆ ಫೆಬ್ರವರಿಯ ಬಿಸಿಲು ಟಾರು ಕರಗಿಸುತ್ತಿತ್ತು. ಒಳಗೆ ಎ.ಸಿ. ಕೈಕೊಟ್ಟಿತ್ತು. ಅಂಥಲ್ಲಿ ಎಲ್ಲರೂ ಏಪ್ರನ್ ಕಟ್ಟಿಕೊಂಡು ಬೆವರುತ್ತ, ಫ್ಯೂಜಿ ಪರ್ವತದ ಹಿಮದ ಫೋಟೋ ನೋಡುತ್ತ ಕೂತಿದ್ದೆವು. ನಮ್ಮ ಪಕ್ಕದಲ್ಲಿ ಬಾಗಿಲೆತ್ತರದ ಒಬ್ಬ ನಿವೃತ್ತ ಲಾರಿ ಡ್ರೈವರ್ ಮತ್ತು ಅವನ ಹೆಂಡತಿ. ಅವರೂ ನಮ್ಮದೇ ಟೂರಿನವರು. ಪಾಠ ಹೇಳುವಾಕೆ ಜಪಾನಿನ ಪುಟ್ಟ ದೇಹದ ಹಿರಿಯ ಹೆಂಗಸು, ಮಾತಿಗೊಮ್ಮೆ ತಲೆ ಬಾಗಿಸುವವರು. ಪರದೆಯಲ್ಲಿ ಪರ್ತ್‌ನವರು ಆಗಷ್ಟೇ ಊಟ ಮುಗಿಸಿ ಆಕಳಿಸುತ್ತಿದ್ದರು. ಅಡಿಲೇಡ್ ನಮ್ಮಿಂದ ಪಶ್ಚಿಮಕ್ಕಿದ್ದರೂ ಬೇಸಿಗೆಯಲ್ಲಿ ಅದರ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದಿರುತ್ತದೆ. ಇದನ್ನು ಅತ್ತೆಯವರಿಗೆ ವಿವರಿಸಲು ಹೋಗಿ ನಾನು ಹಲವು ಸಲ ಸೋತಿದ್ದೇನೆ. ಆ ಅರ್ಧ ಗಂಟೆಯ ಗೊಂದಲದಲ್ಲಿ ಮೊದಲೇ ಬಂದು ಕೂತಿದ್ದ ಅಡಿಲೇಡಿನವರು ಒಂದು ಸುತ್ತು ಕುಡಿದೇ ಮುಗಿಸಿದ್ದರು.

"ಜಪಾನಿನಲ್ಲಿ ನಾಲ್ಕು ಋತುಗಳು," ಎಂದು ಟೀಚರ್ ಶುರು ಮಾಡಿದರು.

ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಹುಬ್ಬೇರಿಸಿದರು. "ನಾಲ್ಕೇನಾ? ಇನ್ನೆರಡು ಎಲ್ಲೋದ್ವು? ಕೇಳು."

"ಸುಮ್ನಿರಿ ಅತ್ತೆ."

"ಕೇಳೇ, ತಪ್ಪೇನು?"

ಕೇಳಿದೆ. ಟೀಚರ್ ಗಂಭೀರವಾಗಿ ಯೋಚಿಸಿ, ತಲೆ ಬಾಗಿಸಿ, ತಮ್ಮಲ್ಲಿರುವುದು ನಾಲ್ಕೇ, ದಯವಿಟ್ಟು ಕ್ಷಮಿಸಬೇಕು ಎಂದರು. ಅತ್ತೆಯವರ ಮನಸ್ಸು ಕರಗಿತು. "ಇರ್ಲಿ ಬಿಡು, ಪಾಪ. ಇರೋದ್ರಲ್ಲೇ ಸುಧಾರಿಸ್ಕೋತಾರೆ."

ಆಮೇಲೆ ತಟ್ಟೆಯಲ್ಲಿ ಪುಟ್ಟ ಪಿಂಗಾಣಿ ಬಟ್ಟಲುಗಳು ಬಂದವು. ಕುಡಿಯುವವರಿಗೆ ಪ್ಲಮ್ ಹಣ್ಣಿನ ವೈನು, ಅತ್ತೆಗೂ ಡ್ರೈವ್ ಮಾಡಬೇಕಿದ್ದ ನನಗೂ ತಣ್ಣಗಿನ ಬಾರ್ಲಿ ಚಹಾ. ಹೊರಗಿನ ಲೋಟಕ್ಕೆ ಅತ್ತೆ ತುಟಿ ತಾಗಿಸಿದವರೇ ಅಲ್ಲ. ಬಟ್ಟಲನ್ನು ಗೇಣೆತ್ತರಕ್ಕೆ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಒಂದು ಹನಿಯೂ ಆಚೀಚೆ ಆಗದಂತೆ ಗಂಟಲಿಗೆ ಸುರಿದುಕೊಂಡು, ಬಟ್ಟಲನ್ನು ಶಬ್ದವಿಲ್ಲದೆ ಕೆಳಗಿಟ್ಟರು.

ಲಾರಿ ಡ್ರೈವರ್ ಕಣ್ಣರಳಿಸಿ ನೋಡುತ್ತಿದ್ದ. "ಓಹೋ, ಹೀಗೆ ಕುಡೀಬೇಕಾ!" ಎಂದು ಹೆಂಡತಿಯನ್ನು ತಿವಿದ. ರೇಷ್ಮೆ ಸೀರೆಯುಟ್ಟು ಕುಂಕುಮವಿಟ್ಟ ಹೆಂಗಸು ಜಪಾನಿನವಳಾಗಿರಲಾರಳು ಎಂಬುದು ಅವನಿಗೆ ಹೊಳೆಯಲಿಲ್ಲ. ಬಟ್ಟಲನ್ನೆತ್ತಿ ವೈನನ್ನು ನೇರ ಮೂಗಿಗೆ ಸುರಿದುಕೊಂಡ. ಅವನನ್ನು ನೋಡಿ ಹೆಂಡತಿ, ಹೆಂಡತಿಯನ್ನು ನೋಡಿ ಹಿಂದಿನ ಸಾಲು. ಪರದೆಯಲ್ಲಿ ಇದನ್ನು ಕಂಡ ಅಡಿಲೇಡಿನವರು ಭಕ್ತಿಯಿಂದ ಕತ್ತು ಹಿಂದಕ್ಕೆ ಚೆಲ್ಲಿದರು. ಪರ್ತ್‌ನವರ ನಿದ್ದೆಯೂ ಹಾರಿತು. ಮೂರು ಊರಿನಲ್ಲೂ ಜನ ಕೆಮ್ಮುತ್ತ, ಸೀನುತ್ತ, ಅಂಗಿ ಒರೆಸಿಕೊಳ್ಳುತ್ತ ಜಪಾನಿನ ಸಂಸ್ಕೃತಿ ಕಲಿಯುತ್ತಿದ್ದರು. ಅಡಿಲೇಡಿನ ನನ್ನ ಗೆಳತಿಗೆ ಸಂಗತಿ ಗೊತ್ತಿತ್ತು, ಆದರೆ ನಗು ತಡೆಯಲಾರದೆ ಮೇಜಿನ ಕೆಳಗೆ ಸೇರಿಕೊಂಡಿದ್ದಳು.

ಟೀಚರ್ ಮುಖ ನೋಡಿದೆ. ನಿಜ ಹೇಳಿದರೆ ಹಿರಿಯರೊಬ್ಬರಿಗೆ ಅವಮಾನ, ಹೇಳದಿದ್ದರೆ ತಮ್ಮ ದೇಶಕ್ಕೆ ಅಪಚಾರ. ಆಕೆ ಸ್ವಲ್ಪ ಹೊತ್ತು ತೊಳಲಾಡಿ, ಕೊನೆಗೆ ಅತ್ತೆಯ ಕಡೆ ಬಾಗಿ, ತಮ್ಮ ಬಟ್ಟಲನ್ನೂ ಎತ್ತಿ ಸುರಿದುಕೊಂಡು ಕೊರಳು ಪೂರ್ತಿ ಒದ್ದೆ ಮಾಡಿಕೊಂಡರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಕುಂಚವನ್ನು ಚಹಾಕ್ಕೆ ಅದ್ದಿಬಿಟ್ಟೆ.

ಚಿತ್ರದ ಸರದಿ ಬಂತು. ಮೊದಲು ಕೊಂಬೆ, ಆಮೇಲೆ ಹೂ, ಕೊನೆಗೆ ಕುಂಚವನ್ನು ಬೆರಳಿಗೆ ತಟ್ಟಿ ಉದುರುವ ಪಕಳೆಗಳು. ಅತ್ತೆ ಕ್ಯಾನ್ವಾಸಿನ ತುಂಬ ಸಾಲಾಗಿ ಚುಕ್ಕಿ ಇಟ್ಟು, ಎಳೆ ಸೇರಿಸಿ, ಎಡಬಲ ಒಂದೇ ಸಮನಾದ ಮರವೊಂದನ್ನು ನಿಲ್ಲಿಸಿದರು. ಅಂಗಳದಲ್ಲಿ ಇಡುವ ರಂಗೋಲಿಯೇ ಎದ್ದು ನಿಂತಂತಿತ್ತು. ಆದರೆ ಒಂದು ಪಕಳೆಯನ್ನೂ ಉದುರಿಸಲು ಅವರು ಸುತರಾಂ ಒಪ್ಪಲಿಲ್ಲ.

"ಉದುರೋದೇ ಇದರ ಚಂದ ಅಂತೆ ಅತ್ತೆ. ಅಲ್ಲಿ ಜನ ಮರದ ಕೆಳಗೆ ಕೂತು ಅದನ್ನೇ ನೋಡ್ತಾರಂತೆ."

"ನೆಲಕ್ಕೆ ಬಿದ್ದ ಹೂವು ಪೂಜೆಗೆ ಬರುತ್ತೇನೆ? ಪಾರಿಜಾತ ಒಂದು ಬಿಟ್ಟು?"

"ಇದು ಪೂಜೆಗಲ್ಲ, ನೋಡೋಕೆ."

"ನೋಡೋಕಾದ್ರೆ ಮರದ್ ಮೇಲೇ ಇರ್ಲಿ. ಇಷ್ಟು ಕಷ್ಟಪಟ್ಟು ಬಿಡಿಸಿ ನಾನೇ ಯಾಕೆ ಬೀಳಿಸ್ಲಿ?"

ಟೀಚರ್ ಬಂದು ಪಾರಿಜಾತವೆಂದರೆ ಏನೆಂದು ವಿಚಾರಿಸಿದರು. ಬೆಳಗಾಗುವಷ್ಟರಲ್ಲಿ ತಾನೇ ಉದುರುವ ಹೂವು, ಅದೊಂದನ್ನು ಮಾತ್ರ ನೆಲದಿಂದ ಆಯ್ದು ದೇವರಿಗೆ ಏರಿಸುತ್ತೇವೆ ಎಂದು ಹೇಳಿದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಅತ್ತೆಗೆ ಆಳವಾಗಿ ತಲೆ ಬಾಗಿಸಿದರು. ಅತ್ತೆಗೆ ಏನನ್ನಿಸಿತೋ, "ಆಯ್ತು, ನಿಮಗೋಸ್ಕರ ಒಂದು" ಎಂದು ಒಂದೇ ಒಂದು ಪಕಳೆ ಉದುರಿಸಿದರು. ಅದು ನೆಲಕ್ಕೆ ತಾಗಬಾರದೆಂದು ತಕ್ಷಣ ಅದರ ಕೆಳಗೊಂದು ಬೆಳ್ಳಿ ತಟ್ಟೆಯನ್ನೂ ಬಿಡಿಸಿದರು.

ನನ್ನ ಮರದ ಕಥೆ ಕೇಳಬೇಡಿ. ಕೊಂಬೆ ನುಗ್ಗೆಕಾಯಿಯಾಗಿತ್ತು, ಹೂವು ಮುಚ್ಚಳ ಹಾರಿದ ಮಿಕ್ಸಿಯಿಂದ ಸಿಡಿದ ಚಟ್ನಿಯಾಗಿತ್ತು.

ಈ ದೇಶದವರ ಗುಣ ನಿಮಗೆ ಗೊತ್ತಿರಬಹುದು. ಏನನ್ನು ಕಂಡರೂ ಹೊಗಳುತ್ತಾರೆ. ಎಲ್ಲರೂ ಎದ್ದು ಓಡಾಡುತ್ತ ಒಬ್ಬರ ಚಿತ್ರವನ್ನು ಇನ್ನೊಬ್ಬರು "ಗಾರ್ಜಿಯಸ್", "ಸ್ಟನಿಂಗ್", "ಬ್ಯೂಟಿಫುಲ್" ಎನ್ನತೊಡಗಿದರು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಹೊಗಳಿಕೆ ಅರ್ಥವಾಗುತ್ತದೆ. ಅವರ ಮುಖ ಬಿಳಿಚಿಕೊಂಡಿತು.

"ಇಷ್ಟು ಜನ ಹಿಂಗೆ ಬಾಯ್ತುಂಬ ಹೊಗಳಿದ್ರೆ ದೃಷ್ಟಿ ಆಗಲ್ವೇನೆ? ಒಬ್ಬರಿಗಾದ್ರೂ ಬುದ್ಧಿ ಬೇಡ್ವಾ?"

ನಾನು ತಡೆಯುವಷ್ಟರಲ್ಲಿ ಅವರ ಬೆರಳು ಕಪ್ಪು ಬಣ್ಣದಲ್ಲಿತ್ತು. ಮೊದಲು ತಮ್ಮ ಮರದ ಮೂಲೆಗೆ ಒಂದು ಬೊಟ್ಟು, ಆಮೇಲೆ ಲಾರಿ ಡ್ರೈವರ್ ಮರದ ಹಿಂದೆ ತಾನಾಗಿಯೇ ಸೇರಿಸಿದ್ದ ಫ್ಯೂಜಿ ಪರ್ವತಕ್ಕೆ, ಅವನ ಹೆಂಡತಿಯ ಕೊಳಕ್ಕೆ, ಹೀಗೆ ಮದುವೆಮನೆಯಲ್ಲಿ ಅರಿಶಿನ ಕುಂಕುಮ ಕೊಡುತ್ತ ಬರುವ ಹಿರಿಯಾಕೆಯಂತೆ ಸಾಲಾಗಿ ಇಟ್ಟುಕೊಂಡು ಹೊರಟರು. ಒಬ್ಬಾಕೆ ಕಿರುಚಿದಳು. ನಾನು ಬೆವರುತ್ತ ವಿವರಿಸಿದೆ: ಚಂದದ ವಸ್ತುವಿಗೆ ಜನರ ಕಣ್ಣು ತಾಗದಿರಲಿ ಎಂದು ಇಡುವ ಬೊಟ್ಟು ಇದು, ನಮ್ಮಲ್ಲಿ ಮುದ್ದಾದ ಮಕ್ಕಳಿಗೆ ಕೆನ್ನೆಯ ಮೇಲೆ ಇಡುತ್ತಾರೆ.

ಅಲ್ಲಿಂದ ಶುರುವಾಯಿತು ನೂಕುನುಗ್ಗಲು. ಅಂದರೆ ಬೊಟ್ಟು ಬಿದ್ದರೆ ಚಿತ್ರ ಚೆನ್ನಾಗಿದೆ ಎಂದರ್ಥ! ಎಲ್ಲರಿಗೂ ಬೇಕು. ಪರದೆಯಲ್ಲಿ ಪರ್ತ್‌ನ ಗೆಳತಿ ತನ್ನ ಕ್ಯಾನ್ವಾಸನ್ನು ಕ್ಯಾಮೆರಾಕ್ಕೆ ಒತ್ತಿ "ಆಂಟಿ, ನಂದೂ ನೋಡಿ" ಎಂದು ಕೂಗಿದಳು. ಅತ್ತೆ ಗಾಳಿಯಲ್ಲೇ ಬೆರಳೂರಿ, ಪರ್ತ್‌ಗೂ ಅಡಿಲೇಡಿಗೂ ಎಲ್ಲೆಲ್ಲಿ ಇಟ್ಟುಕೊಳ್ಳಬೇಕೆಂದು ತೋರಿಸಿದರು. ಟೀಚರ್ ತಮ್ಮ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಕೊನೆಗೆ ಉಳಿದದ್ದು ನಾನು. ಅತ್ತೆ ನನ್ನ ನುಗ್ಗೆಕಾಯಿಯ ಎದುರು ನಿಂತು, ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ, ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

"ಇದಕ್ಕೇನೂ ಬೇಡ ಬಿಡು. ಏನೂ ಆಗಲ್ಲ."

ಪರದೆಯಲ್ಲಿ ಇಬ್ಬರು ಗೆಳತಿಯರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಸುಳ್ಳೇಕೆ ಹೇಳಲಿ, ಹೊಟ್ಟೆಯಲ್ಲಿ ಕಿಚ್ಚೆದ್ದಿತ್ತು. ಗುರುತು ಪರಿಚಯವಿಲ್ಲದ ಲಾರಿ ಡ್ರೈವರನಿಗೆ ಸಿಕ್ಕಿದ್ದು ಇಷ್ಟು ವರ್ಷ ಸೊಸೆಯಾಗಿ ಬಾಳಿದ ನನಗೆ ಸಿಗಲಿಲ್ಲವಲ್ಲ ಎಂದು ಸಂಕಟವಾಯಿತು.

ಮನೆಗೆ ಬರುವಾಗ ಕಾರಿನಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ. "ಅತ್ತೆ, ನಾನು ಜಪಾನ್‌ಗೆ ಹೋಗೋದು ನಿಮಗೆ ಇಷ್ಟಾನಾ, ಇಲ್ವಾ? ಒಂದು ಮಾತು ಹೇಳ್ಬಿಡಿ."

"ಸಿಗ್ನಲ್ ನೋಡು, ಕೆಂಪು ಬಿತ್ತು."

ಅಷ್ಟೇ. ಮುಂದಿನ ವಾರಗಳಲ್ಲೂ ಅವರು ಬಾಯಿ ಬಿಡಲಿಲ್ಲ. ಅವರ ಚಿತ್ರವನ್ನು ನನ್ನ ಗಂಡ ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ, ನನ್ನದು ಗ್ಯಾರೇಜಿನಲ್ಲಿ ಬಣ್ಣದ ಡಬ್ಬಗಳ ಹಿಂದೆ ಸೇರಿತು. ನಾನು ಮುಖ ಗಂಟಿಕ್ಕಿಕೊಂಡೇ ಸೂಟ್‌ಕೇಸ್ ತುಂಬಿದೆ. ಅವರು ಚಟ್ನಿಪುಡಿ, ಅವಲಕ್ಕಿ ಎಂದು ಒಂದೊಂದೇ ಪೊಟ್ಟಣ ತಂದು ಮಾತಿಲ್ಲದೆ ಬಟ್ಟೆಗಳ ನಡುವೆ ತುರುಕಿದರು. ನಾನು ಮಾತಿಲ್ಲದೆ ತೆಗೆದೆ. ಅವರು ಮತ್ತೆ ತುರುಕಿದರು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಅವರೂ ಬಂದರು. ಗೆಳತಿಯರಿಬ್ಬರೂ ಅವರವರ ಊರಿಂದಲೇ ಹೊರಟಿದ್ದರು, ಟೋಕಿಯೋದಲ್ಲಿ ಸೇರುವುದೆಂದಾಗಿತ್ತು. ಗಂಡ ಸೂಟ್‌ಕೇಸ್ ಇಳಿಸುತ್ತಿದ್ದ. ನಾನು ಹೊಸ ಕೋಟು ಹಾಕಿಕೊಂಡಿದ್ದೆ. ಮಗಳೇ ಸಲೂನಿಗೆ ಕರೆದುಕೊಂಡು ಹೋಗಿ ನನ್ನ ಕೂದಲನ್ನು ಗಿಡ್ಡ ಮಾಡಿಸಿದ್ದಳು. "ಹೋಗಿ ಬರ್ತೀನಿ ಅತ್ತೆ" ಎಂದೆ, ಆ ಹಳೆಯ "ಹೂಂ"ಗೆ ಮನಸ್ಸು ಗಟ್ಟಿ ಮಾಡಿಕೊಂಡು.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೈಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ಬೆರಳಿಗೆ ಹಚ್ಚಿಕೊಂಡು, ನನ್ನ ಗಲ್ಲ ಹಿಡಿದು, ಕೆನ್ನೆಯ ಮೇಲೆ ನಾಲ್ಕಾಣೆಯಗಲದ ಒಂದು ಬೊಟ್ಟು ಒತ್ತಿದರು.

"ಹೋಗಿ ಬಾ," ಎಂದರು. "ಅಲ್ಲಿ ಎಲ್ಲರೂ ಹೂವೇ ನೋಡ್ತಾ ಇರಲ್ಲ."

ಅಷ್ಟರಲ್ಲಿ ಅದೇ ಟೂರಿನ ಲಾರಿ ಡ್ರೈವರ್ ಹೆಂಡತಿಯೊಂದಿಗೆ ಬಂದವನು, ನಮ್ಮನ್ನು ಕಂಡು ಖುಷಿಯಿಂದ ಬಗ್ಗಿ ತನ್ನ ಕೆನ್ನೆಯನ್ನೂ ಅತ್ತೆಯ ಮುಂದೆ ಒಡ್ಡಿದ. ಅತ್ತೆ ಅವನನ್ನೂ ಪೂರ್ತಿ ನೋಡಿ ಡಬ್ಬಿ ಮುಚ್ಚಿದರು.

"ಇವನಿಗೇನೂ ಬೇಡ ಬಿಡು. ಏನೂ ಆಗಲ್ಲ."

ಏನೆಂದರು ಎಂದು ಅವನು ಕೇಳಿದ. ನೀನು ಗಟ್ಟಿಗನಂತೆ ಎಂದೆ.

ಒಳಗೆ ಪಾಸ್‌ಪೋರ್ಟಿನ ಯಂತ್ರ ನನ್ನ ಮುಖವನ್ನು ಒಪ್ಪಲಿಲ್ಲ. ಕನ್ನಡಕ ತೆಗೆಯಿರಿ ಎಂದಿತು. ನಾನು ಕನ್ನಡಕ ಹಾಕುವುದೇ ಇಲ್ಲ. ಮತ್ತೊಮ್ಮೆ ನಿಂತೆ, ಕೆಂಪು ದೀಪ. ಪಕ್ಕದಲ್ಲಿದ್ದ ಅಧಿಕಾರಿ ಹುಡುಗಿ ಪಾಪ, ಒಂದು ಟಿಶ್ಯೂ ಹಿಡಿದುಕೊಂಡು ಬಂದು, ಕೆನ್ನೆಗೆ ಏನೋ ಮಸಿ ಹತ್ತಿದೆ, ಒರೆಸಿಕೊಂಡರೆ ಸರಿಹೋಗಬಹುದು ಎಂದಳು. ಇಲ್ಲದಿದ್ದರೆ ಆ ಕಡೆಯ ಸಾಲಿಗೆ ಹೋಗಬೇಕಾಗುತ್ತದೆ ಎಂದು ತೋರಿಸಿದಳು. ಆ ಸಾಲು ಕಂಬಗಳನ್ನು ಸುತ್ತಿ, ಅಳುವ ಮಕ್ಕಳನ್ನು ಹೊತ್ತು, ಶೌಚಾಲಯದ ಬಾಗಿಲವರೆಗೂ ಬೆಳೆದಿತ್ತು.

ಲಾರಿ ಡ್ರೈವರ್ ಬೋಳು ಕೆನ್ನೆಯಲ್ಲಿ ಸಲೀಸಾಗಿ ಆಚೆ ದಾಟಿ, ಬೇಗ ಬಾ ಎಂದು ಕೈ ಬೀಸುತ್ತಿದ್ದ. ನಾನು ಟಿಶ್ಯೂವನ್ನು ಅವಳಿಗೇ ಹಿಂತಿರುಗಿಸಿ, ಕೆನ್ನೆಗೆ ಕೈ ತಾಗದಂತೆ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಹೋಗಿ ಆ ಸಾಲಿನ ಕೊನೆಯಲ್ಲಿ ನಿಂತೆ.